ಏರಿಯಾದ ಹೆಸರೋ, ಓಣಿಯ ಬೆಳಕೋ: ಬಳ್ಳಾರಿಯಲ್ಲಿ ಬಾಡಿಗೆ ಮನೆ ಆರಿಸುವವರಿಗೆ

ತಂಗಿಯ ಮಗಳಿಗೆ ಬಳ್ಳಾರಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಸಿರುಗುಪ್ಪದಿಂದ ತಂಗಿ ಫೋನ್ ಮಾಡಿ ಮೊದಲು ಕೇಳಿದ ಪ್ರಶ್ನೆ ಇದು: "ಅಕ್ಕಾ, ಬಳ್ಳಾರಿಯಲ್ಲಿ ಯಾವ ಏರಿಯಾ ಒಳ್ಳೆಯದು? ಕಳ್ಳಕಾಕರ ಭಯ ಎಲ್ಲಿ ಕಡಿಮೆ?" ಬಾಡಿಗೆಯ ಮಾತು ಆಮೇಲೆ ಬಂತು. ಹುಡುಗಿಗೆ ವಾರಕ್ಕೆ ಎರಡು ಮೂರು ರಾತ್ರಿ ಪಾಳಿ. ಜೊತೆಗಿರಲು ಅದೇ ಆಸ್ಪತ್ರೆಯ ಇನ್ನೊಬ್ಬ ಹುಡುಗಿ. ಹತ್ತೊಂಬತ್ತು ವರ್ಷಗಳಲ್ಲಿ ಈ ಊರಿನ ಮೂರು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದ್ದೇನೆ. ಆದರೂ ಥಟ್ಟನೆ ಒಂದು ಏರಿಯಾದ ಹೆಸರು ಹೇಳಲು ನನ್ನಿಂದ ಆಗಲಿಲ್ಲ.

ಏಪ್ರಿಲ್‌ನಲ್ಲಿ ಎರಡು ವಾರ ನಾನೂ ಅವಳೂ ಸುತ್ತಿದೆವು. ಕೊನೆಗೆ ನಾಲ್ಕು ಮನೆಗಳು ಉಳಿದವು. ಕಪ್ಪಗಲ್ಲು ರಸ್ತೆಯ ಕಡೆಯ ಹೊಸ ಲೇಔಟ್‌ನಲ್ಲಿ ಒಂದು, ಕೌಲ್ ಬಜಾರಿನ ಓಣಿಯಲ್ಲಿ ಒಂದು, ಸತ್ಯನಾರಾಯಣ ಪೇಟೆಯಲ್ಲಿ ಮಾಲೀಕರ ಮನೆಯ ಮಹಡಿಯ ಮೇಲೆ ಒಂದು, ಗಾಂಧಿನಗರದ ಕಡೆ ಅಪಾರ್ಟ್‌ಮೆಂಟಿನಲ್ಲಿ ಒಂದು. ಇಂಥದೇ ಆಯ್ಕೆ ಎದುರಿಗಿರುವವರಿಗೆ ಉಪಯೋಗವಾಗಲೆಂದು ನಾವು ಹೇಗೆ ತೂಗಿ ನೋಡಿದೆವು ಎಂಬುದನ್ನು ಬರೆಯುತ್ತಿದ್ದೇನೆ.

ಕೆಟ್ಟ ಏರಿಯಾ ಯಾವಾಗಲೂ ಪಕ್ಕದ್ದು

ನಾಲ್ಕೂ ಕಡೆ ಜನರನ್ನು ಮಾತನಾಡಿಸಿದೆವು. ಲೇಔಟಿನವರು ಕೌಲ್ ಬಜಾರಿನ ಕಡೆ ಕೈ ತೋರಿಸಿ "ಅಲ್ಲಿ ಮಾತ್ರ ಬೇಡ" ಎಂದರು. ಕೌಲ್ ಬಜಾರಿನ ಹೆಂಗಸರು "ನಮ್ಮ ಓಣಿಯಲ್ಲಿ ಏನೂ ಭಯವಿಲ್ಲಮ್ಮಾ, ರೈಲ್ವೆ ಗೇಟಿನ ಆಚೆ ಸ್ವಲ್ಪ ಹುಷಾರು" ಎಂದರು. ಗೇಟಿನ ಆಚೆಯವರಿಗೆ ರೈಲ್ವೆ ಸ್ಟೇಷನ್ನಿನ ಸುತ್ತಮುತ್ತ ಸರಿ ಕಾಣುತ್ತಿರಲಿಲ್ಲ. ಸತ್ಯನಾರಾಯಣ ಪೇಟೆಯ ಹಿರಿಯರೊಬ್ಬರ ಪ್ರಕಾರ ಊರ ಹೊರಗಿನ ಲೇಔಟುಗಳೇ ಅಪಾಯ. ತನ್ನ ಓಣಿಯನ್ನು ಮನುಷ್ಯ ಕಣ್ಣಿನಿಂದ ಅಳೆಯುತ್ತಾನೆ, ಬೇರೆಯವರ ಓಣಿಯನ್ನು ಕಿವಿಯಿಂದ. ಇದು ನಮ್ಮೂರಿನ ಗುಣ ಮಾತ್ರವಲ್ಲ. ಬ್ರಿಟನ್ನಿನಲ್ಲಿ 1982ರಿಂದ ಮನೆಮನೆಗೆ ಹೋಗಿ ಜನರಿಗೆ ಆದ ಅಪರಾಧಗಳನ್ನೂ ಅವರ ಭಯವನ್ನೂ ಕೇಳಿ ಬರೆದುಕೊಳ್ಳುವ ಸರ್ಕಾರಿ ಸಮೀಕ್ಷೆ ನಡೆದುಬಂದಿದೆ. ಅಲ್ಲಿಯೂ ದೇಶದಲ್ಲಿ ಅಪರಾಧ ಹೆಚ್ಚುತ್ತಿದೆ ಎನ್ನುವವರು ಬಹಳ ಮಂದಿ, ತಮ್ಮ ಸುತ್ತಮುತ್ತ ಹೆಚ್ಚುತ್ತಿದೆ ಎನ್ನುವವರು ಅದಕ್ಕಿಂತ ಬಹಳ ಕಡಿಮೆ.

ಒಂದು ಏರಿಯಾಕ್ಕೆ ಹತ್ತಿದ ಹೆಸರು ತಲೆಮಾರುಗಳು ಕಳೆದರೂ ಹೋಗುವುದಿಲ್ಲ. ಬ್ರಿಟಿಷರ ದಂಡು ಇಲ್ಲಿದ್ದಾಗ ಅದಕ್ಕೆ ಹೊಂದಿಕೊಂಡ ಬಜಾರಾಗಿ ಬೆಳೆದದ್ದು ಕೌಲ್ ಬಜಾರ್. ದಂಡು ಹೋಗಿ ಎಷ್ಟೋ ಕಾಲವಾಯಿತು, ಈಗ ಅಲ್ಲಿ ಓಣಿ ಓಣಿಯಲ್ಲೂ ಜೀನ್ಸ್ ಹೊಲಿಯುವ ಯಂತ್ರಗಳ ಸದ್ದು. ಆದರೆ ಕೌಲ್ ಬಜಾರ್ ಎಂದೊಡನೆ ಹುಬ್ಬು ಗಂಟಿಕ್ಕುವವರು ಈಗಲೂ ಇದ್ದಾರೆ, ಅವರಲ್ಲಿ ಎಷ್ಟೋ ಜನ ಆ ಓಣಿಗಳಿಗೆ ಕಾಲಿಟ್ಟವರೇ ಅಲ್ಲ. ದುಡಿಯುವ ಜನ ಒತ್ತೊತ್ತಾಗಿ ಬಾಳುವ ಜಾಗಕ್ಕೆ ಹೀಗೆ ಸುಲಭವಾಗಿ ಕಳಂಕ ಹಚ್ಚುವುದನ್ನು ಕಂಡರೆ ನನಗೆ ನೋವಾಗುತ್ತದೆ. ಅಲ್ಲಿನ ಹುಡುಗರು ಕೆಲಸ ಕೇಳಲು ಹೋದಾಗಲೂ ವಿಳಾಸ ಅವರಿಗಿಂತ ಮೊದಲು ಒಳಗೆ ಹೋಗಿರುತ್ತದೆ. ಹೀಗಾಗಿ ಒಂದು ನಿಯಮ ಮಾಡಿಕೊಂಡೆವು: ಒಂದು ಏರಿಯಾದಲ್ಲಿ ವಾಸವಿಲ್ಲದವರು ಅದರ ಬಗ್ಗೆ ಏನು ಹೇಳಿದರೂ ಲೆಕ್ಕಕ್ಕಿಲ್ಲ.

ಯಾರ ಮಾತಿಗೆ ಎಷ್ಟು ತೂಕ

ಮನೆ ಮಾಲೀಕರಿಗೆ ಮನೆ ಖಾಲಿ ಇರಬಾರದು, ದಲ್ಲಾಳಿಗೆ ತನ್ನ ಕಮಿಷನ್ ತಪ್ಪಬಾರದು. ಇಬ್ಬರಿಂದಲೂ ಸಿಗುವ ಉಪಯುಕ್ತ ಸಂಗತಿ ಒಂದೇ, ಹಿಂದಿನ ಬಾಡಿಗೆದಾರರ ಫೋನ್ ನಂಬರ್. ಅದನ್ನು ಕೊಡಲು ಹಿಂದೇಟು ಹಾಕಿದರೆ ಕಾರಣ ತಿಳಿಯುವವರೆಗೆ ಮುಂಗಡ ಕೊಡಬೇಡಿ.

ಆಟೊ ಚಾಲಕರನ್ನು ಕೇಳುವ ಬಗೆ ಬೇರೆ. "ಈ ಏರಿಯಾ ಹೇಗೆ?" ಎಂದರೆ ಎಲ್ಲರೂ ಹೇಳುವ ಮಾತನ್ನೇ ಅವರೂ ಹೇಳುತ್ತಾರೆ. "ರಾತ್ರಿ ಹನ್ನೊಂದಕ್ಕೆ ಇಲ್ಲಿಗೆ ಬಾಡಿಗೆ ಬರುತ್ತೀರಾ, ಎಷ್ಟು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿ. ಹೊಸ ಲೇಔಟಿಗೆ ಒಬ್ಬರು ಒಂದೂವರೆ ಪಟ್ಟು ಕೇಳಿದರು. ಭಯವೇ ಎಂದು ವಿಚಾರಿಸಿದರೆ, "ಭಯವೇನಿಲ್ಲ ಮೇಡಂ, ವಾಪಸ್ ಬರುವಾಗ ಒಬ್ಬ ಗಿರಾಕಿಯೂ ಸಿಗುವುದಿಲ್ಲ" ಎಂದರು. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಮನುಷ್ಯರೇ ಇರುವುದಿಲ್ಲ ಎಂಬುದು ಈ ಮಾತಿನಿಂದಲೇ ಗೊತ್ತಾಯಿತು. ಕಿರಾಣಿ ಅಂಗಡಿಯವರು ಎಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ ಎಂಬುದೂ ಇಷ್ಟೇ ಒಳ್ಳೆಯ ಸುಳಿವು.

ಎಲ್ಲರಿಗಿಂತ ಬೆಲೆಯುಳ್ಳ ಮಾತು ನಿಮ್ಮಂತೆಯೇ ಬದುಕುವವರದು. ರಾತ್ರಿ ಪಾಳಿಯ ಹುಡುಗಿಗೆ ಮನೆ ಹುಡುಕುವಾಗ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಆರಕ್ಕೆ ಬರುವ ಗಂಡಸಿನ ಅನುಭವ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಕೌಲ್ ಬಜಾರಿನ ಓಣಿಯಲ್ಲಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಾದ ಮೇಲೆ ಬರುವ ಹೆಣ್ಣುಮಗಳೊಬ್ಬಳು ಸಿಕ್ಕಳು. ಯಾವ ತಿರುವಿನಲ್ಲಿ ಹುಡುಗರು ಗುಂಪಾಗಿ ನಿಲ್ಲುತ್ತಾರೆ, ಯಾವ ಬೀದಿದೀಪ ವಾರಗಟ್ಟಲೆ ಉರಿಯುವುದಿಲ್ಲ, ಯಾವ ಮನೆಯ ಅಜ್ಜಿ ರಾತ್ರಿ ಹನ್ನೊಂದರವರೆಗೂ ಕಟ್ಟೆಯ ಮೇಲೆ ಇರುತ್ತಾಳೆ, ಎಲ್ಲವನ್ನೂ ಅವಳು ಐದು ನಿಮಿಷದಲ್ಲಿ ಹೇಳಿದಳು.

ವಾಟ್ಸ್‌ಆ್ಯಪ್ ಗುಂಪುಗಳಿಂದ ಬಂದ ಸುದ್ದಿಯನ್ನು ನಾನು ಹೋಲಿಕೆಗೆ ಸೇರಿಸಿಕೊಳ್ಳಲೇ ಇಲ್ಲ. ಯಾವುದೋ ರಾಜ್ಯದ ಸಿಸಿಟಿವಿ ದೃಶ್ಯ "ನಮ್ಮ ಏರಿಯಾದಲ್ಲಿ ನಿನ್ನೆ ರಾತ್ರಿ" ಎಂಬ ಶೀರ್ಷಿಕೆ ಹೊತ್ತು ಬರುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಇಂಥದೇ ಸುಳ್ಳನ್ನು ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಅಂದು ಕಳ್ಳರೂ ಇರಲಿಲ್ಲ, ಕಳುವಾದ ಮಗುವೂ ಇರಲಿಲ್ಲ. ಇದ್ದದ್ದು ಭಯ ಮಾತ್ರ.

ಅಂಕಿಸಂಖ್ಯೆಯನ್ನು ನೋಡಿ ತೀರ್ಮಾನಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಈಗ ಹೊರತರುವ ವಾರ್ಷಿಕ ವರದಿ 1953ರಿಂದಲೂ ಬರುತ್ತಿದೆ. ಆದರೆ ಅದರಲ್ಲಿ ನಗರಗಳ ಪೈಕಿ ಬಿಡಿಬಿಡಿಯಾಗಿ ವಿವರ ಸಿಗುವುದು 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಮಹಾನಗರಗಳದ್ದು. ಓಣಿಯ ಲೆಕ್ಕ ಅಲ್ಲಿ ಸಿಗುವುದಿಲ್ಲ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಘೋರವಾದ ಒಂದನ್ನು ಮಾತ್ರ ಅಲ್ಲಿ ಎಣಿಸುತ್ತಾರೆ. ಮನೆ ಹುಡುಕುವವರಿಗೆ ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿದೆ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ಜಾಲತಾಣದಲ್ಲಿ ಹಾಕಬೇಕು. ಕರ್ನಾಟಕ ಪೊಲೀಸ್ ಜಾಲತಾಣದಲ್ಲಿ ಠಾಣೆಯನ್ನು ಆರಿಸಿಕೊಂಡು ನೋಡಬಹುದು. ಬ್ರೂಸ್‌ಪೇಟೆ, ಗಾಂಧಿನಗರ, ಕೌಲ್ ಬಜಾರ್, ಎಪಿಎಂಸಿ ಯಾರ್ಡ್, ಗ್ರಾಮೀಣ ಎಂದು ನಮ್ಮಲ್ಲಿ ಠಾಣೆಗಳಿವೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಎಂದರೆ ಕಳವು, 304 ಎಂದರೆ ಸರ, ಮೊಬೈಲ್ ಮುಂತಾದವನ್ನು ಕಿತ್ತುಕೊಂಡು ಓಡುವುದು, 305ರಲ್ಲಿ ವಾಸದ ಮನೆಯೊಳಗಿನ ಕಳವು ಬರುತ್ತದೆ. ಈ ಮೂರನ್ನು ನೆನಪಿಟ್ಟುಕೊಂಡರೆ ಓದುವುದು ಸುಲಭ.

ಆದರೆ ಬರೆದುಕೊಂಡದ್ದಕ್ಕೂ ನಡೆದದ್ದಕ್ಕೂ ಅಂತರವಿದೆ, ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತೇನೆ. ವರ್ಷಗಳ ಹಿಂದೆ ನಮ್ಮ ಬೈಕ್ ಕಳುವಾದಾಗ ಒಂದು ಠಾಣೆಯಲ್ಲಿ "ನಾಲ್ಕು ದಿನ ಹುಡುಕಿ ನೋಡಿ, ಆಮೇಲೆ ಬನ್ನಿ" ಎಂದು ಕಳುಹಿಸಿದರು. ನಾವು ಮತ್ತೆ ಹೋಗಲಿಲ್ಲ. ಆ ವರ್ಷದ ಲೆಕ್ಕದಲ್ಲಿ ನಮ್ಮ ಬೈಕ್ ಇಲ್ಲ. ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲಿಯೂ ಕಳವಿಗೆ ಒಳಗಾದವರ ಪೈಕಿ ಎಫ್‌ಐಆರ್ ತನಕ ಮುಟ್ಟಿದವರು ತೀರ ಸಣ್ಣ ಪಾಲು. ಹಾಗಾಗಿ ಒಂದು ಠಾಣೆಯಲ್ಲಿ ಪ್ರಕರಣಗಳು ಹೆಚ್ಚು ಕಂಡರೆ ಅಲ್ಲಿ ಕಳ್ಳರು ಹೆಚ್ಚು ಎಂದೂ ಇರಬಹುದು, ದೂರು ತೆಗೆದುಕೊಳ್ಳುವ ಅಧಿಕಾರಿ ಇದ್ದಾರೆ ಎಂದೂ ಇರಬಹುದು. ನಮ್ಮಂತೆ ಸುಮ್ಮನೆ ಹಿಂದಿರುಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ವ್ಯಾಪ್ತಿ ಯಾವುದಾದರೂ ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟು ಮೂರು ದಿನದೊಳಗೆ ಹೋಗಿ ಸಹಿ ಹಾಕಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, ದಾಖಲಿಸಲು ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳುಹಿಸಬಹುದು.

ಹೊಸ ಲೇಔಟಿನ ಮನೆ ಮತ್ತು ಓಣಿಯ ಮನೆ

ನೋಡಿದ ನಾಲ್ಕರಲ್ಲಿ ಅತ್ಯಂತ ಚಂದದ ಮನೆ ಲೇಔಟಿನದು. ಅಗಲವಾದ ರಸ್ತೆ, ಗಾಳಿ ಬೆಳಕು, ಬೈಕ್ ನಿಲ್ಲಿಸಲು ಜಾಗ, ನೆರೆಯಲ್ಲಿ ಮೇಷ್ಟ್ರು, ಬ್ಯಾಂಕಿನವರು. "ಡೀಸೆಂಟ್ ಏರಿಯಾ" ಎಂದು ಎಲ್ಲರೂ ಹೇಳುತ್ತಾರೆ, ಅದರಲ್ಲಿ ಸುಳ್ಳಿಲ್ಲ. ಹಗಲಿನಲ್ಲಿ ಅಲ್ಲಿ ನಿಂತರೆ ಭಯಪಡಲು ಏನೂ ಕಾಣುವುದಿಲ್ಲ. ಆದರೆ ಅದರ ಸುತ್ತಲಿನ ಏಳು ಸೈಟುಗಳಲ್ಲಿ ಮನೆ ಎದ್ದಿರುವುದು ಮೂರರಲ್ಲಿ, ಉಳಿದವುಗಳಲ್ಲಿ ಆಳೆತ್ತರದ ಬಳ್ಳಾರಿ ಜಾಲಿ. ಜನ ವಾಸವಿದ್ದ ಮೂರು ಮನೆಗಳಲ್ಲೂ ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಆ ರಸ್ತೆಯಲ್ಲಿ ನಿಮ್ಮ ಮನೆಯ ಬಾಗಿಲನ್ನು ನೋಡುವ ಕಣ್ಣು ಒಂದೂ ಇರುವುದಿಲ್ಲ.

ನಮ್ಮ ಎರಡನೆಯ ಬಾಡಿಗೆ ಮನೆ ಇಂಥದೇ ಲೇಔಟಿನಲ್ಲಿತ್ತು. ಮೇ ತಿಂಗಳಲ್ಲಿ ಮದುವೆಗೆಂದು ಮೂರು ದಿನ ಸಿರುಗುಪ್ಪಕ್ಕೆ ಹೋಗಿ ಬರುವಷ್ಟರಲ್ಲಿ ಬೀಗ ಒಡೆದು ಬೀರುವನ್ನು ಮೀಟಿದ್ದರು. ಎರಡು ಸೈಟು ಆಚೆಯ ಮನೆಯವರಿಗೆ ಸದ್ದು ಕೇಳಿಸಿತ್ತು. ಯಾವುದೋ ಹೊಸ ಮನೆಯ ಬಡಗಿ ಕೆಲಸ ಎಂದುಕೊಂಡು ಅವರು ಏಳಲಿಲ್ಲ. ಅವರ ತಪ್ಪೇನೂ ಇಲ್ಲ, ನಾವು ಒಬ್ಬರ ಹೆಸರನ್ನು ಒಬ್ಬರು ತಿಳಿದಿರಲಿಲ್ಲ. ನನ್ನ ಅತ್ತೆಯವರ ಕಾಸಿನ ಸರ ಅಂದು ಹೋಯಿತು. ಆ ಮೂರು ದಿನ ಬೀಗ ಹಾಕಿರುತ್ತದೆ ಎಂದು ಠಾಣೆಗೆ ತಿಳಿಸಿದ್ದರೆ ರಾತ್ರಿ ಗಸ್ತಿನವರು ಒಮ್ಮೆ ನೋಡಿ ಹೋಗುತ್ತಿದ್ದರೇನೋ. ಈಗ ಊರಿಗೆ ಹೋಗುವಾಗಲೆಲ್ಲ ತಿಳಿಸಿಯೇ ಹೋಗುತ್ತೇನೆ.

ಬಳ್ಳಾರಿಯ ಬೇಸಿಗೆಗೆ ತನ್ನದೇ ಆದ ಅಪಾಯವೊಂದಿದೆ, ಹೊರಗಿನಿಂದ ಬಂದವರಿಗೆ ಅದು ತಿಳಿಯುವುದಿಲ್ಲ. 40 ಡಿಗ್ರಿ ದಾಟಿದ ಹಗಲಿನ ನಂತರ ಗೋಡೆಗಳು ರಾತ್ರಿಯಿಡೀ ಬಿಸಿ ಕಾರುತ್ತವೆ. ಕರೆಂಟ್ ಹೋದರೆ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗೆ ಏರುತ್ತಾರೆ, ಕೆಳಗಿನ ಬಾಗಿಲು ಗಾಳಿಗೆಂದು ತೆರೆದಿರುತ್ತದೆ. ಓಣಿಯಲ್ಲಾದರೆ ಅಕ್ಕಪಕ್ಕದ ಮಾಳಿಗೆಗಳೆಲ್ಲ ತುಂಬಿರುವುದರಿಂದ ಯಾರಾದರೂ ಒಬ್ಬರು ಎಚ್ಚರವಿರುತ್ತಾರೆ. ಲೇಔಟಿನಲ್ಲಿ ಮಾಳಿಗೆಯ ಮೇಲೆ ನೀವು ಒಬ್ಬರೇ.

ಕೌಲ್ ಬಜಾರಿನ ಮನೆ ಚಿಕ್ಕದು, ಎರಡು ಕೋಣೆ. ಓಣಿಯೊಳಗೆ ಕಾರು ಬರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಹೋದಾಗ ಎದುರು ಮನೆಯಲ್ಲಿ ಜೀನ್ಸ್ ಹೊಲಿಗೆ ನಡೆದಿತ್ತು, ಬಾಗಿಲಿನ ಬೆಳಕು ಓಣಿಗೆಲ್ಲ ಚೆಲ್ಲಿತ್ತು. ಕಟ್ಟೆಯ ಮೇಲೆ ನಾಲ್ವರು ಹೆಂಗಸರು ಕುಳಿತಿದ್ದರು. "ಯಾರ ಮನೆಗೆ ಬಂದಿರಮ್ಮಾ?" ಎಂಬ ಪ್ರಶ್ನೆ ನಾವು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಬಂತು. ಲೇಔಟಿನಲ್ಲಿ ನಾವು ಮೂರು ಸಲ ಓಡಾಡಿದರೂ ಯಾರೂ ಕೇಳಿರಲಿಲ್ಲ. ಬೆಳಗಿನ ಐದೂವರೆಗೂ ಹೋಗಿ ನೋಡಿದೆವು. ನಿತ್ಯ ನಲ್ಲಿ ನೀರು ಬಾರದ ಊರು ನಮ್ಮದು. ಅಂದು ನೀರು ಬಿಟ್ಟಿದ್ದರು, ಓಣಿಗೆ ಓಣಿಯೇ ಕೊಡಗಳೊಂದಿಗೆ ಎದ್ದು ನಿಂತಿತ್ತು.

ಅದರ ಕೊರತೆಗಳನ್ನೂ ಹೇಳಬೇಕು. ಬೈಕ್ ಒಳಗೆ ನಿಲ್ಲಿಸಲು ಜಾಗವಿಲ್ಲ, ಪೆಟ್ರೋಲ್ ಕದಿಯುತ್ತಾರೆ ಎಂಬ ದೂರನ್ನು ಓಣಿಯವರೇ ಹೇಳಿದರು. ಕುಡಿದವರ ಜಗಳ ಆಗಾಗ ಕೇಳುತ್ತದೆ. ಹೊಸಬರಿಗೆ ಆ ಕೂಗಾಟವೇ ಏರಿಯಾ ಕೆಟ್ಟದ್ದು ಎನ್ನುವುದಕ್ಕೆ ಸಾಕ್ಷಿಯಾಗುತ್ತದೆ, ಆದರೆ ಅಲ್ಲಿನವರು ಅದನ್ನು ಭಯದ ಲೆಕ್ಕದಲ್ಲಿ ಇಟ್ಟಿರಲಿಲ್ಲ, ಬೇಸರದ ಲೆಕ್ಕದಲ್ಲಿ ಇಟ್ಟಿದ್ದರು. ದೊಡ್ಡ ತೊಡಕು ಇನ್ನೊಂದಿದೆ. ಕಳ್ಳನನ್ನು ನೋಡುವ ಕಣ್ಣು ಹುಡುಗಿ ಎಷ್ಟು ಹೊತ್ತಿಗೆ ಬಂದಳು, ಯಾರ ಬೈಕಿನಿಂದ ಇಳಿದಳು ಎಂಬುದನ್ನೂ ನೋಡುತ್ತದೆ. ನಮ್ಮ ಹುಡುಗಿ ನೇರವಾಗಿಯೇ ಕೇಳಿದಳು: "ದೊಡ್ಡಮ್ಮಾ, ನನ್ನನ್ನು ಕಾಯುತ್ತಾರೋ, ನನ್ನ ಮೇಲೆ ಕಾವಲಿರುತ್ತಾರೋ?" ಎರಡೂ ಇರುತ್ತದೆ ಎಂದೆ. ಬಂದ ಮೊದಲ ವಾರವೇ ಎದುರು ಮನೆಯ ಅಜ್ಜಿಗೆ ನಿನ್ನ ಪಾಳಿಯ ಸಮಯ ಹೇಳಿಬಿಡು, ಗೊತ್ತಿರುವ ಸಂಗತಿಯನ್ನು ಯಾರೂ ಗುಸುಗುಸು ಮಾಡುವುದಿಲ್ಲ ಎಂದೂ ಹೇಳಿದೆ.

ಉಳಿದ ಎರಡು

ಸತ್ಯನಾರಾಯಣ ಪೇಟೆಯ ಮಹಡಿ ಮನೆ ಸಂಸಾರಸ್ಥರಿಗೆ ಹೇಳಿ ಮಾಡಿಸಿದಂತಿದೆ. ಕೆಳಗೆ ವಯಸ್ಸಾದ ಮಾಲೀಕ ದಂಪತಿ, ಹಗಲೆಲ್ಲ ಮನೆಯಲ್ಲಿ ಜನ. ಆದರೆ ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಬೀಳುತ್ತದೆ, ಅದರ ಕೀಲಿ ಬಾಡಿಗೆದಾರರಿಗೆ ಕೊಡುವುದಿಲ್ಲ. ಪಾಳಿ ತಡವಾಗಿ ಮುಗಿದ ದಿನ ಮಾಲೀಕರು ಏಳುವವರೆಗೆ ಹುಡುಗಿ ಬೀದಿಯಲ್ಲಿ ನಿಲ್ಲಬೇಕು. ಶಾಲೆಗೆ ಹೋಗುವ ಮಕ್ಕಳಿರುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಾದ ಮನೆ ನಮ್ಮ ಹುಡುಗಿಗೆ ಹೊಂದಲಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಕಾವಲುಗಾರ, ಕ್ಯಾಮೆರಾ ಎರಡೂ ಇದ್ದವು. ಕಾವಲುಗಾರ ರಾತ್ರಿಯೂ ಇರುತ್ತಾನೆಯೇ, ಕ್ಯಾಮೆರಾ ಎಷ್ಟು ದಿನದ ದೃಶ್ಯ ಉಳಿಸಿಕೊಳ್ಳುತ್ತದೆ ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ಮಕ್ಕಳು ಹೊರಗಿರುವ ಹಿರಿಯ ದಂಪತಿಗೆ ಇಂಥ ಮನೆ ಒಳ್ಳೆಯದು. ಇಬ್ಬರು ಹುಡುಗಿಯರ ಸಂಬಳಕ್ಕೆ ಅದರ ಬಾಡಿಗೆ ಹೆಚ್ಚಾಗಿತ್ತು.

ಹೆಣ್ಣುಮಕ್ಕಳ ಭಯ ಬೇರೆ

ಹೊಡೆದಾಟ, ಹಲ್ಲೆಗೆ ಹೆಚ್ಚು ಸಿಕ್ಕುವವರು ಯುವಕರು, ಹೆಚ್ಚು ಭಯಪಡುವವರು ಹೆಂಗಸರು ಎಂದು ಹಲವು ದೇಶಗಳ ಸಮೀಕ್ಷೆಗಳು ತೋರಿಸಿವೆ. ಇದನ್ನು ಹಿಡಿದುಕೊಂಡು ಹೆಂಗಸರ ಭಯಕ್ಕೆ ಬುಡವಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದೆ ಹಿಂದೆ ನಿಧಾನವಾಗಿ ಬರುವ ಬೈಕು, ತಿರುವಿನಲ್ಲಿ ತೇಲಿ ಬರುವ ಮಾತು, ಬಸ್ಸಿನಲ್ಲಿ ತಾಗುವ ಕೈ ಯಾವ ಠಾಣೆಯ ಪುಸ್ತಕಕ್ಕೂ ಏರುವುದಿಲ್ಲ. ಆದರೆ ಪ್ರತಿದಿನ ಅದನ್ನು ಅನುಭವಿಸಿದವಳು ಕತ್ತಲ ರಸ್ತೆಯನ್ನು ನೋಡುವ ರೀತಿಯೇ ಬೇರೆ. 2013ರಲ್ಲಿ ದೆಹಲಿಯಲ್ಲಿ ಶುರುವಾದ ಸೇಫ್ಟಿಪಿನ್ ಎಂಬ ಮೊಬೈಲ್ ಆ್ಯಪ್ ಈ ಅನುಭವವನ್ನೇ ಅಳತೆಗೋಲು ಮಾಡಿಕೊಂಡಿತು. ಬೆಳಕು, ಕಾಲುದಾರಿ, ಸುತ್ತಲಿನ ಮನೆಗಳಿಂದ ರಸ್ತೆ ಕಾಣುತ್ತದೆಯೇ, ಓಡಾಡುವವರಲ್ಲಿ ಹೆಂಗಸರು ಎಷ್ಟು, ಬಸ್ ಹತ್ತಿರವಿದೆಯೇ ಎಂಬವುಗಳ ಜೊತೆಗೆ ಅಲ್ಲಿ ನಿಂತಾಗ ಏನನ್ನಿಸುತ್ತದೆ ಎಂಬುದಕ್ಕೂ ಅಂಕವಿದೆ. ನಾವು ಕಾಗದದ ಮೇಲೆ ಇದೇ ಪಟ್ಟಿ ಮಾಡಿಕೊಂಡು ಮನೆಯಿಂದ ಆಟೊ ನಿಲ್ಲುವ ಜಾಗದವರೆಗಿನ ದಾರಿಗೆ ಅಂಕ ಕೊಟ್ಟೆವು. ಅಂಕ ಕೊಟ್ಟವಳು ನಡೆಯಬೇಕಾದ ಹುಡುಗಿಯೇ.

ಬೀದಿಯ ಭಯದಲ್ಲಿ ಮನೆಯೊಳಗಿನದನ್ನು ಮರೆಯಬಾರದು. ದೇಶದ ದಾಖಲೆಗಳಲ್ಲಿ ಹೆಣ್ಣುಮಕ್ಕಳ ಮೇಲಿನ ಅಪರಾಧಗಳ ಅತಿ ದೊಡ್ಡ ಪಾಲು ಗಂಡ ಮತ್ತು ಸಂಬಂಧಿಕರ ಕ್ರೌರ್ಯದ್ದು, ಅತ್ಯಾಚಾರ ಪ್ರಕರಣಗಳಲ್ಲಿಯೂ ಆರೋಪಿ ಪರಿಚಿತನೇ ಆಗಿರುವುದು ಹೆಚ್ಚು. ಬಾಡಿಗೆ ಮನೆಯಲ್ಲಿ ಪರಿಚಿತ ಎಂದರೆ ಮಾಲೀಕರ ಮಗ, ಮೇಲಿನ ಮನೆಯವನು, ನೀರಿನ ಮೋಟರ್ ರಿಪೇರಿಗೆ ಬರುವವನು. ನಿಮ್ಮ ಬಾಗಿಲಿನ ಎರಡನೇ ಕೀಲಿ ಯಾರ ಬಳಿ ಇದೆ, ಬಚ್ಚಲಿನ ಕಿಟಕಿ ಯಾವ ಕಡೆ ತೆರೆಯುತ್ತದೆ, ಶೌಚಾಲಯ ಮನೆಯ ಒಳಗಿದೆಯೇ ಅಂಗಳದಲ್ಲಿದೆಯೇ ನೋಡಿ. ಇವನ್ನು ಯಾವ ಏರಿಯಾದ ಹೆಸರೂ ಹೇಳುವುದಿಲ್ಲ.

ಫೋನಿನಲ್ಲಿ ಬರುವ ಕಳ್ಳನಿಗೆ ಏರಿಯಾವೇ ಇಲ್ಲ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಹುಡುಗಿಯ ಫೋನಿನಲ್ಲಿ ತುರ್ತು ಸಹಾಯದ 112ರ ಜೊತೆಗೆ ಬರೆದಿಟ್ಟೆ.

ನಾವು ಆರಿಸಿದ್ದು

ತಂಗಿಗೆ ಲೇಔಟಿನ ಮನೆಯೇ ಇಷ್ಟವಾಗಿತ್ತು. "ಜನ ಕೇಳಿದರೆ ಕೌಲ್ ಬಜಾರ್ ಎಂದು ಹೇಗೆ ಹೇಳಲಿ ಅಕ್ಕಾ?" ಎಂದಳು. ಅವಳನ್ನು ಒಂದು ಸಂಜೆ ಕರೆಸಿ, ಏಳೂವರೆಗೆ ಲೇಔಟಿನ ರಸ್ತೆಯ ತುದಿಯಲ್ಲಿ ಆಟೊ ಇಳಿದು ಮನೆಯವರೆಗೆ ನಡೆಸಿದೆ. ನಂತರ ಎಂಟೂವರೆಗೆ ಓಣಿಯಲ್ಲಿ ನಡೆಸಿದೆ. ಜಾಲಿಯ ಪಕ್ಕದಲ್ಲಿ ನನ್ನ ಕೈ ಹಿಡಿದವಳು ಓಣಿಯಲ್ಲಿ ಕೈ ಬಿಟ್ಟು ಕಟ್ಟೆಯ ಹೆಂಗಸರ ಜೊತೆ ಸಿರುಗುಪ್ಪದ ಭತ್ತದ ಸುದ್ದಿ ಮಾತನಾಡುತ್ತಾ ನಿಂತಳು.

ಓಣಿಯ ಮನೆಗೇ ಮುಂಗಡ ಕೊಟ್ಟೆವು. ಅದಕ್ಕೆ ಮೊದಲು ಮಾಲೀಕರಿಂದ ಮೂರು ಕೆಲಸ ಮಾಡಿಸಿಕೊಂಡೆವು: ಮುಂಬಾಗಿಲಿಗೆ ಹೊಸ ಬೀಗ ಮತ್ತು ಅದರ ಎಲ್ಲ ಕೀಲಿಗಳು ಹುಡುಗಿಯರ ಕೈಗೆ, ಬಚ್ಚಲಿನ ಕಿಟಕಿಗೆ ಜಾಲರಿ, ಬಾಗಿಲ ಮೇಲೊಂದು ದೀಪ. ತಿರುವಿನ ಬೀದಿದೀಪಕ್ಕಾಗಿ ಮಹಾನಗರ ಪಾಲಿಕೆಗೆ ಅರ್ಜಿಯನ್ನು ನಾನೇ ಬರೆದೆ, ಕಟ್ಟೆಯ ನಾಲ್ವರು ಹೆಂಗಸರೂ ಅದಕ್ಕೆ ಸಹಿ ಹಾಕಿದರು.